ಮಗಳಿಗೊಂದು ಪತ್ರ: ನಿನ್ನ ಹೆಸರು ಯಾವ ಸಭೆಯ ಪುಸ್ತಕದಲ್ಲಿದೆ?

ಕೋಲಾರ

ಪುಟ್ಟಿ,

ಮೈಸೂರಿನ ಚರ್ಚಿಗೆ ಕೊಡಲು ನೀನು ಕೇಳಿದ್ದ, ನಮ್ಮ ಚರ್ಚ್ ಸಭೆಯ ಸದಸ್ಯತ್ವದ ಪತ್ರ ಸಿಕ್ಕಿತು. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಒಳಕೋಣೆಯಲ್ಲಿ ಕೂತು ಬರೆದು, ಸೀಲು ಒತ್ತಿ ಕೊಟ್ಟರು. ಎರಡೇ ಸಾಲು. ಇಪ್ಪತ್ತೇಳು ವರ್ಷ ಎರಡು ಸಾಲಿನಲ್ಲಿ ಮುಗಿದುಹೋಯಿತಲ್ಲಾ ಅನ್ನಿಸಿತು. ಅದಕ್ಕೇ ಜೊತೆಗೆ ಇದನ್ನೂ ಇಡುತ್ತಿದ್ದೇನೆ.

ನಿಮ್ಮತ್ತೆ ಕೇಳಿದರು ಅಂದೆಯಲ್ಲ, "ನಿಮ್ಮ ಅಮ್ಮನ ಮನೆಯವರೂ ವೆಸ್ಲಿಯವರೇ, ನಮ್ಮದೂ ವೆಸ್ಲಿ ಮಿಶನ್ನಿನ ಸಭೆಯೇ, ಮತ್ತೆ ನಾವು ಬೇರೆ ಹೇಗಾದೆವು?" ಅಂತ. ಆವತ್ತು ಕುಕ್ಕರ್ ಕೂಗುತ್ತಿತ್ತು, "ಅದು ದೊಡ್ಡ ಕಥೆ" ಅಂತ ಫೋನ್ ಇಟ್ಟುಬಿಟ್ಟೆ. ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ.

ಬೇರು ಒಂದೇ. ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಇವರೂ ಇವರ ಒಂದಿಷ್ಟು ಗೆಳೆಯರೂ ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ವಾರಕ್ಕೆ ಗೊತ್ತಾದ ದಿನ ಉಪವಾಸ, ಜೈಲಿನವರನ್ನು ನೋಡಿಬರುವುದು ಅಂತ ನಡೆಸುತ್ತಿದ್ದರು. ಉಳಿದ ಹುಡುಗರು ನಕ್ಕು 'ಮೆಥಡಿಸ್ಟರು' ಅಂದರು. ನಮ್ಮ ಭಾಷೆಯಲ್ಲಿ 'ನೇಮದವರು' ಅಂತ ಅಣಕಿಸಿದ ಹಾಗೆ. ಊರವರು ಇಟ್ಟ ಅಡ್ಡಹೆಸರೇ ಮನೆತನದ ಹೆಸರಾಗಿಬಿಡುತ್ತದಲ್ಲ, ಹಾಗೇ ಆಯಿತು. ತಮಾಷೆ ಏನೆಂದರೆ, ವೆಸ್ಲಿಯವರು 1791ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡ್ ಸಭೆಯ ಪಾದ್ರಿಯಾಗಿಯೇ ಇದ್ದರು.

ಆಮೇಲೆ ಎರಡು ಕವಲು. ಇಂಗ್ಲೆಂಡಿನ ವೆಸ್ಲಿಯನ್ನರು 1830ರ ದಶಕದಲ್ಲೇ ನಮ್ಮ ಗುಬ್ಬಿಗೆ ಬಂದಿದ್ದರು. ಮುಂದೆ ತುಮಕೂರು, ಮೈಸೂರು, ಹಾಸನ. ನಿಮ್ಮೂರಿನ ಹಾರ್ಡ್ವಿಕ್ ಶಾಲೆ ಅವರದು, ಮಂಡಿ ಮೊಹಲ್ಲಾದ ಮಿಶನ್ ಆಸ್ಪತ್ರೆ ಅವರದು. 'ವೃತ್ತಾಂತ ಪತ್ರಿಕೆ' ಅಂತ ಕನ್ನಡ ವಾರಪತ್ರಿಕೆಯನ್ನೂ ಮೈಸೂರಿನಿಂದ ನಡೆಸಿದರು. ನಿಮ್ಮತ್ತೆಯವರ ಕಡೆ ಇದು. ನಮ್ಮ ಕಡೆಯವರು ಅಮೆರಿಕದಿಂದ ಬಂದವರು. 1870ರ ದಶಕದಲ್ಲಿ ವಿಲಿಯಂ ಟೇಲರ್ ಬೆಂಗಳೂರಿಗೆ ಬಂದು ಮೊದಲು ಇಂಗ್ಲಿಷ್ ಮಾತಾಡುವವರ ನಡುವೆ ಸಭೆ ಶುರುಮಾಡಿದರು. ಬಾಲ್ಡ್ವಿನ್ ಶಾಲೆಗಳು 1880ರಲ್ಲಿ ಆ ಕಡೆಯಿಂದಲೇ ಬಂದವು. ಒಟ್ಟಿನಲ್ಲಿ ನಾವು ದಾಯಾದಿಗಳು. ಆಸ್ತಿ ಜಗಳ ಇಲ್ಲದ ದಾಯಾದಿಗಳು, ಅಷ್ಟೇ.

ಆದರೆ ಕೋಲಾರದ ಕಥೆ ಈ ಇಬ್ಬರಿಂದಲೂ ಶುರುವಾಗುವುದಿಲ್ಲ. ಅದು ಶುರುವಾಗುವುದು ಹಸಿವಿನಿಂದ.

1876ರಿಂದ 1878ರವರೆಗೆ ಬಿದ್ದ ಬರ. ಹಳಬರು ಧಾತು ಈಶ್ವರದ ಬರ ಅನ್ನುತ್ತಿದ್ದರು, ಆ ಎರಡು ಸಂವತ್ಸರಗಳ ಹೆಸರಿನಲ್ಲಿ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸೀಮೆಯ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಅಂತ ಒಬ್ಬ ಇಂಗ್ಲಿಷ್ ಹೆಂಗಸು ತಬ್ಬಲಿ ಮಕ್ಕಳಿಗಾಗಿ ಅನಾಥಾಲಯ ನಡೆಸಿದರು. ಆ ಮಕ್ಕಳು ದೊಡ್ಡವರಾದರು. ಅವರದೇ ಒಂದು ಸಭೆಯಾಯಿತು. 1890ರಲ್ಲಿ ಮಿಸ್ ಆನ್‌ಸ್ಟೀ ಅದೆಲ್ಲವನ್ನೂ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ಹಾಗಾಗಿ ಇಲ್ಲಿ ಮೊದಲು ಬಂದದ್ದು ಮಕ್ಕಳು, ಆಮೇಲೆ ಸಭೆ, ಮೆಥಡಿಸ್ಟ್ ಅನ್ನುವ ಹೆಸರು ಕೊನೆಗೆ.

ಆ ಮಕ್ಕಳಲ್ಲಿ ನನ್ನ ಅಜ್ಜಿಯ ಅಮ್ಮ ಒಬ್ಬಳು. ಅಜ್ಜಿ ನನಗೆ ಹೇಳಿದ್ದನ್ನು ನಿನಗೆ ಹೇಳುತ್ತೇನೆ. ಅವಳಿಗೆ ತನ್ನ ಊರು ಗೊತ್ತಿರಲಿಲ್ಲ, ಅಪ್ಪನ ಹೆಸರೂ ಗೊತ್ತಿರಲಿಲ್ಲ. ಬಾಯಿ ತೆರೆಸಿ ಹಾಲುಹಲ್ಲು ನೋಡಿ ಐದು ವರ್ಷ ಅಂತ ಬರೆದುಕೊಂಡರಂತೆ. ಮುದುಕಿಯಾದ ಮೇಲೂ ಯಾರಾದರೂ ವಯಸ್ಸು ಕೇಳಿದರೆ "ಹಲ್ಲಿನ ಲೆಕ್ಕದಲ್ಲಿ ಹೇಳಲಾ?" ಅನ್ನುತ್ತಿದ್ದಳಂತೆ. ಮುದ್ದೆ ತಿಂದ ಮೇಲೆ ತಟ್ಟೆಯನ್ನು ಬೆರಳಿನಿಂದ ಸವರಿ ಸವರಿ ನೆಕ್ಕುತ್ತಿದ್ದಳು. ನನ್ನಜ್ಜಿಗೂ ಆ ಅಭ್ಯಾಸ ಬಂದಿತ್ತು. ನೀನು ಚಿಕ್ಕವಳಿದ್ದಾಗ ಅನ್ನ ಬಿಟ್ಟರೆ ನಾನು ಅಷ್ಟು ಸಿಟ್ಟಾಗುತ್ತಿದ್ದುದೂ ಅಲ್ಲಿಂದಲೇ ಬಂದದ್ದಿರಬೇಕು.

ಅವಳ ಮದುವೆಯ ಕಥೆ ಮಾತ್ರ ನನಗೆ ಬಲು ಇಷ್ಟ. ಹುಡುಗನೂ ಬರದ ಮಗುವೇ. ಇಬ್ಬರಿಗೂ ಹೇಳಿಕೊಳ್ಳಲು ಒಬ್ಬ ನೆಂಟರಿಲ್ಲ. ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು ಅಂತ ಪ್ರಶ್ನೆ ಬಂತು. ಎಡಗಡೆ ಬೆಂಚಿನವರು ಹೆಣ್ಣಿನ ಕಡೆ, ಬಲಗಡೆಯವರು ಗಂಡಿನ ಕಡೆ ಅಂತ ಹಂಚಿಕೊಂಡರಂತೆ. ಎಷ್ಟು ಚೆನ್ನಾಗಿ ಹಂಚಿಕೊಂಡರೆಂದರೆ, ಊಟದ ಹೊತ್ತಿಗೆ ಎರಡು ಕಡೆಯವರಿಗೂ ಸಣ್ಣದೊಂದು ಬೀಗರ ಜಗಳವೂ ಆಯಿತಂತೆ!

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1910ರಲ್ಲಿ ಇಟಿಸಿಎಂ ಆಸ್ಪತ್ರೆ ಬಂತು, ನೀನು ಹುಟ್ಟಿದ ಆಸ್ಪತ್ರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣದ ಆಂಗ್ಲಿಕನ್ನರು (ಇಂಗ್ಲೆಂಡ್ ಸಭೆಯ ಕವಲಿನವರು), ಇಂಗ್ಲೆಂಡಿನ ಕವಲಿನ ಮೆಥಡಿಸ್ಟರು, ಇನ್ನೂ ಕೆಲವರು ಒಂದಾಗಿ 'ಚರ್ಚ್ ಆಫ್ ಸೌತ್ ಇಂಡಿಯಾ', ಅಂದರೆ ಸಿಎಸ್‌ಐ ಆಯಿತು. ಗುಬ್ಬಿ, ಮೈಸೂರಿನ ಸಭೆಗಳು ಅದರೊಳಗೆ ಸೇರಿದವು. ನಮ್ಮವರು ಸೇರಲಿಲ್ಲ, ಅಮೆರಿಕದ ಸಭೆಯ ಜೊತೆಗೇ ಉಳಿದರು. ಹಾಗಾಗಿ ಕೋಲಾರ, ಬೀದರ್ ಮೆಥಡಿಸ್ಟ್, ನಿಮ್ಮತ್ತೆಯವರು ಸಿಎಸ್‌ಐ. ಅವರ ಪ್ರಶ್ನೆಗೆ ಇಷ್ಟೇ ಉತ್ತರ. 1981ರ ಜನವರಿ 7ರಂದು ನಮ್ಮದೂ 'ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ' ಅಂತ ಸ್ವತಂತ್ರವಾಯಿತು. ಆಗ ನಾನು ಹೈಸ್ಕೂಲು. ಹೊಸ ಬೋರ್ಡು ಬರೆಸಿದಾಗ ಒಂದು ಕಡೆ ಮೆಥಡಿಸ್ಟ್, ಇನ್ನೊಂದು ಕಡೆ ಮೆಥೋಡಿಸ್ಟ್, ಹಿಂದಿನ ಗೇಟಿನಲ್ಲಿ ಮೆತೊಡಿಸ್ಟ್ ಅಂತ ಬಂತು. ಹಳಬರು ಯಾವುದನ್ನೂ ಓದಲಿಲ್ಲ. ಅವರಿಗೆ ಕೊನೆಯವರೆಗೂ ಅದು ಹಳೆಯ ಹೆಸರಿನ ಎಂ.ಇ. (ಮೆಥಡಿಸ್ಟ್ ಎಪಿಸ್ಕೋಪಲ್) ಮಿಶನ್.

ಇನ್ನೊಂದು ಇದೆ, ನನಗೆ ನಿಜಕ್ಕೂ ಹೇಳಬೇಕಿರುವುದು. ತಿಂಗಳಿಗೊಮ್ಮೆ ನಾನು ಕಾಣಿಕೆ ಕವರು ಹಿಡಿದು ಇಪ್ಪತ್ತು ಮನೆ ತಿರುಗುವುದನ್ನು ಕಂಡರೆ ನಿನಗೆ ಮುಜುಗರ. "ಅಮ್ಮ, ಚೀಟಿ ದುಡ್ಡು ವಸೂಲಿಗೆ ಹೋದ ಹಾಗೆ ಕಾಣುತ್ತದೆ" ಅಂದಿದ್ದೆ. ಸರಿ, ಕೇಳು. 1739ರಲ್ಲಿ ವೆಸ್ಲಿಯವರು ಬ್ರಿಸ್ಟಲ್‌ನಲ್ಲಿ ಒಂದು ಕೂಟದ ಮನೆ ಕಟ್ಟಿಸಿದರು. ಮೇಲೆ ಸಾಲ ಉಳಿಯಿತು. ತೀರಿಸುವುದು ಹೇಗೆ ಅಂತ 1742ರ ಫೆಬ್ರವರಿಯಲ್ಲಿ ಎಲ್ಲರೂ ಕೂತರು. ಕ್ಯಾಪ್ಟನ್ ಫಾಯ್ ಅನ್ನುವವರು, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂದರು. ಅಷ್ಟೂ ಕೊಡಲಾಗದ ಬಡವರಿದ್ದಾರಲ್ಲ ಅಂತ ಯಾರೋ ಎದ್ದರು. "ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಲೆಕ್ಕಕ್ಕೆ ಹಾಕಿ. ಕೊಟ್ಟರೆ ಸರಿ, ಇಲ್ಲದಿದ್ದರೆ ಅವರದನ್ನೂ ನಾನೇ ಹಾಕುತ್ತೇನೆ" ಅಂತ ಕ್ಯಾಪ್ಟನ್ ಹೇಳಿದರು.

ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಒಳಗಿನ ಸಂಗತಿ ಕಂಡಿತು. ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿಯುತ್ತಾರೆ, ಯಾರ ಮನೆಯಲ್ಲಿ ಜಗಳ, ಎಲ್ಲವೂ. ವೆಸ್ಲಿಯವರಿಗೆ ಇದು ಸಾಲಕ್ಕಿಂತ ದೊಡ್ಡ ವಿಷಯ ಅನ್ನಿಸಿತು. ಹನ್ನೆರಡು ಜನರಿಗೊಬ್ಬ ನಾಯಕ, ಅವನು ವಾರಕ್ಕೊಮ್ಮೆ ಪ್ರತಿಯೊಬ್ಬರನ್ನೂ ನೋಡಬೇಕು ಅಂತ ಕ್ಲಾಸ್ ಮೀಟಿಂಗ್ ಶುರುವಾಯಿತು. ಮೆಥಡಿಸ್ಟ್ ಸಭೆ ನಿಂತಿದ್ದೇ ಅದರ ಮೇಲೆ. ನನ್ನ ಕೇಳಿದರೆ ಪಾದ್ರಿಗಳ ಉಪದೇಶಗಳಿಗಿಂತ ಆ ಪೆನ್ನಿ ಜಾಸ್ತಿ ಕೆಲಸ ಮಾಡಿದೆ. ಅಯ್ಯನವರ ಮುಂದೆ ಇದನ್ನು ಹೇಳಬೇಡ.

ನನ್ನ ಕವರಿನದೂ ಅದೇ ಕೆಲಸ. ಹೋದ ತಿಂಗಳು ಒಂದು ಮನೆಯಲ್ಲಿ ಬಾಗಿಲು ತೆಗೆಯಲೇ ಇಲ್ಲ. ದುಡ್ಡಿಲ್ಲ ಅಂತ ನಾಚಿಕೆಯಿಂದ ಒಳಗೇ ಕೂತಿದ್ದರು. ಕಿಟಕಿ ಹತ್ತಿರ ನಿಂತು "ಕಾಫಿ ಕುಡಿಯೋಕೆ ಬಂದೆ ಕಣಮ್ಮ" ಅಂದೆ. ತೆಗೆದರು. ಮಗ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು, ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬೆಂಚಿನಲ್ಲಿ ಪಕ್ಕಪಕ್ಕ ಕೂತು ಹಾಡಿದ್ದೇವೆ, ಆದರೂ ಗೊತ್ತಿರಲಿಲ್ಲ.

ಸಭೆಗೆ ಕೊಟ್ಟ ಕಾಣಿಕೆಗಳನ್ನು ಸುಗ್ಗಿ ಹಬ್ಬದಲ್ಲಿ ಹರಾಜು ಹಾಕುತ್ತಿದ್ದುದು ನೆನಪಿದೆಯಾ? ಆರು ವರ್ಷದವಳು ನೀನು, ಎಲ್ಲರೂ ಕೈ ಎತ್ತುತ್ತಾರೆ ಅಂತ ಸುಮ್ನೆ ಕೈ ಎತ್ತಿಬಿಟ್ಟೆ. ನಮ್ಮ ಹಿತ್ತಲಿಂದಲೇ ನಾವು ಕೊಟ್ಟ ಕುಂಬಳಕಾಯಿಯನ್ನು ನಿಮ್ಮಪ್ಪ ಇನ್ನೂರು ರೂಪಾಯಿ ಕೊಟ್ಟು ಮನೆಗೆ ವಾಪಸ್ ತಂದರು. ಒಂದು ವಾರ ಅದರದೇ ಹುಳಿ.

ಮೈಸೂರಿನ ಸಭೆಯಲ್ಲಿ ಪತ್ರ ಕೊಟ್ಟು ಹೆಸರು ಬರೆಸಿಕೊ. ಅಲ್ಲಿ ಯಾರಾದರೂ ಕವರು ಹಿಡಿದು ಬಂದರೆ ಗೇಟಿನಲ್ಲೇ ನಿಲ್ಲಿಸಿ ಕಳಿಸಬೇಡ, ಒಳಗೆ ಕರೆದು ಕೂರಿಸು. ಇಲ್ಲಿನ ಪುಸ್ತಕದಿಂದ ನಿನ್ನ ಹೆಸರು ತೆಗೆಯುತ್ತಾರೆ, ನಿಯಮ ಹಾಗಿದೆ. ನನ್ನ ನೋಟ್‌ಬುಕ್ಕಿನ ಪಟ್ಟಿಯಲ್ಲಿ ಮಾತ್ರ ಹದಿನಾಲ್ಕನೆಯ ಸಾಲಿನಲ್ಲಿ ಇನ್ನೂ ಇದೆ. ಈ ತಿಂಗಳು ನಿನ್ನದನ್ನು ನಾನೇ ಹಾಕಿದ್ದೇನೆ.

ಅಳಿಯಂದಿರಿಗೆ, ಬೀಗರಿಗೆ ನನ್ನ ವಂದನೆ ಹೇಳು.

ನಿನ್ನ
ಅಮ್ಮ