ಮಂಡಲದ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ ಸಾರ್.

ಹೋದ ತಿಂಗಳು ಇ-ಸ್ವತ್ತಿನ ಕೆಲಸಕ್ಕೆ ಅಂತ ನಮ್ಮ ಪಂಚಾಯ್ತಿ ಕಚೇರಿಗೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಸುಟ್ಟುಹೋದ ಮೋಟಾರು, ಬ್ಲೀಚಿಂಗ್ ಪೌಡರ್ ಚೀಲಗಳ ಸಂದಿಯಲ್ಲಿ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದು ಬಿದ್ದಿತ್ತು. ‘ಮಂಡಲ ಪಂಚಾಯ್ತಿ, ಸಭಾ ನಡವಳಿ’ ಅಂತ ಮೇಲೆ ಬರೆದಿತ್ತು. ಒಂದು ಅಂಚನ್ನು ಗೆದ್ದಲು ತಿಂದಿತ್ತು.

ತೆರೆದು ನೋಡಿದೆ. 1987ರ ಪುಟಗಳಲ್ಲಿ ನಮ್ಮ ಸೋದರತ್ತೆಯ ಹೆಬ್ಬೆಟ್ಟು ಇತ್ತು. ನೇರಳೆ ಶಾಯಿ, ಸ್ವಲ್ಪ ಜಾರಿದ ಗುರುತು. 1990ಕ್ಕೆ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಸಹಿ! ಅಕ್ಷರ ಸೊಟ್ಟಗಿದ್ದರೂ ಅದು ಅವರದ್ದೇ ಸಹಿ. ಕೇರಿಗೆ ಬೋರಿಂಗ್ ಬೇಕು ಅಂತ ಅವರು ಕೇಳಿದ್ದು, ಉಳಿದವರು ಒಪ್ಪಿದ್ದು, ಎಲ್ಲ ಅಲ್ಲಿದೆ. ಆ ಬೋರಿಂಗ್ ನೀರು ಕುಡಿದೇ ನಾನು ಬೆಳೆದೆ.

ಈಗಿನ ಹುಡುಗರಿಗೆ ಮಂಡಲ ಅಂದರೆ ಏನಂತಲೇ ಗೊತ್ತಿಲ್ಲ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆಗಿದ್ದಾಗ, ನಿಮ್ಮದೇ ಖಾತೆಯಲ್ಲಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಟ ಹಿಡಿದು ತಂದ ಕಾಯ್ದೆ ಅದು. 1983ರಲ್ಲಿ ರೂಪಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸಾಮಾನ್ಯವಾಗಿ 8ರಿಂದ 12 ಸಾವಿರ ಜನರಿರುವ ಕೆಲವು ಹಳ್ಳಿ ಸೇರಿ ಒಂದು ಮಂಡಲ. ಮುಖ್ಯವಾದ ಮಾತೆಂದರೆ, ಸೀಟುಗಳಲ್ಲಿ ಶೇ. 25 ಹೆಂಗಸರಿಗೆ ಮೀಸಲು. ದೇಶದ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ, ಅಂದರೆ ನಮ್ಮ ಅತ್ತೆ ಆಗಲೇ ಒಂದು ಅವಧಿ ಮುಗಿಸಿ ಮನೆಗೆ ಬಂದಿದ್ದರು! ನಜೀರ್ ಸಾಬ್ ಮಾತ್ರ 1988ರಲ್ಲೇ ತೀರಿಕೊಂಡರು. ಹಳ್ಳಿಗಳಿಗೆ ಬೋರಿಂಗ್ ನೀರು ಕೊಡಿಸಿದ್ದಕ್ಕೆ ನಮ್ಮ ಕಡೆ ಹಿರಿಯರು ಅವರನ್ನು ಇಂದಿಗೂ ‘ನೀರ್ ಸಾಬ್’ ಅಂತಲೇ ನೆನೆಯುತ್ತಾರೆ.

1993ರ ಹೊಸ ಕಾಯ್ದೆ ಬಂತು, ಮಂಡಲಗಳು ಹೋದವು. ಅವುಗಳಿಗಿಂತ ಚಿಕ್ಕದಾದ ಗ್ರಾಮ ಪಂಚಾಯ್ತಿಗಳು ಬಂದವು. ನಮ್ಮ ಮಂಡಲ ಒಡೆದು ಎರಡಾಯಿತು. ಕಟ್ಟಡ ಇದ್ದ ಊರಲ್ಲೇ ಪುಸ್ತಕಗಳು ಉಳಿದವು. ಪಕ್ಕದ ಊರಿನವರಿಗೆ ತಮ್ಮ ಆ ಐದು ವರ್ಷದ ಕಥೆ ಎಲ್ಲಿದೆ ಅಂತಲೂ ತಿಳಿಯದು.

ಕಚೇರಿಯವರನ್ನು ದೂರೋಕೆ ಇದನ್ನು ಬರೆಯುತ್ತಿಲ್ಲ. ಅವರಿಗೆ ದಿನದ ಕೆಲಸವೇ ಜಾಸ್ತಿ. ಆದರೆ ಹಳೇ ಪುಸ್ತಕಗಳನ್ನು ಹುಡುಕಿ ಪಟ್ಟಿ ಮಾಡಿ ಅಂತ ನಿಮ್ಮಿಂದ ಒಂದು ಸುತ್ತೋಲೆ ಬಂದರೆ ಕೆಲಸ ಶುರುವಾಗುತ್ತದೆ. ಆಮೇಲೆ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿಸಿ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನಲ್ಲೇ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆಯಲ್ಲ, ಇವನ್ನು ಇಡೋಕೆ ಅದಕ್ಕಿಂತ ಸರಿಯಾದ ಜಾಗ ಇದೆಯಾ? ಅಂದಿನ ಸದಸ್ಯೆಯರಲ್ಲಿ ಬದುಕಿರುವವರ ಮಾತನ್ನೂ ರೆಕಾರ್ಡ್ ಮಾಡಿಸಿ. ನಮ್ಮ ಅತ್ತೆಗೆ ಈಗ ಎಪ್ಪತ್ತೆಂಟು. ಕಿವಿ ಮಂದ, ನೆನಪು ಮಾತ್ರ ಚುರುಕು.

ಆ ಕೆಂಪು ಪುಸ್ತಕವನ್ನು ಸದ್ಯಕ್ಕೆ ಬೀರುವಿನ ಮೇಲೆ ಎತ್ತಿಡಿಸಿದ್ದೇನೆ. ಆ ಕೋಣೆಯ ಸೂರು ಸೋರುತ್ತದೆ. ಮಳೆಗಾಲಕ್ಕೆ ಮುಂಚೆ ಯಾರನ್ನಾದರೂ ಕಳಿಸಿ ಸಾರ್.

ಇಂತಿ,
ಹಳೇ ಮಂಡಲವೊಂದರ ಊರಿನವನು