ಹದಿನಾರನೇ ದಿನಕ್ಕೆ ಸರಿದ ಹದಿನೈದು ದಿನಗಳ ಭರವಸೆ

ಗೆ,
ಗ್ರಾಹಕ ಕುಂದುಕೊರತೆ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: 8ನೇ ತರಗತಿಯ ಗಣಿತ, ವಿಜ್ಞಾನ ಆನ್‌ಲೈನ್ ತರಗತಿಯ ದಾಖಲಾತಿ ರದ್ದುಪಡಿಸಿ, ಸಾಲ ಮುಕ್ತಾಯಗೊಳಿಸಿ, ಹಣ ಹಿಂದಿರುಗಿಸುವ ಬಗ್ಗೆ – ಐದನೇ ಪತ್ರ

ಮಾನ್ಯರೇ,

ಹಿಂದಿನ ನಾಲ್ಕು ಮಿಂಚಂಚೆಗಳನ್ನು ‘ದಯವಿಟ್ಟು’ ಎಂದೇ ಆರಂಭಿಸಿದ್ದೆ. ನಾಲ್ಕಕ್ಕೂ ಬಂದದ್ದು ಒಂದೇ ಉತ್ತರ: ‘ನಿಮ್ಮ ಮಗುವಿನ ಕಲಿಕೆಯ ಪಯಣದಲ್ಲಿ ನಾವು ಜೊತೆಗಿದ್ದೇವೆ.’ ಈ ಬಸ್ಸಿನಿಂದ ಇಳಿಸಿಬಿಡಿ ಎಂದು ತಾನೇ ನಾನು ಬೇಡುತ್ತಿರುವುದು? ನಿಮ್ಮ ಸಹಾಯವಾಣಿಗೆ ಇದುವರೆಗೆ 14 ಸಲ ಕರೆ ಮಾಡಿದ್ದೇನೆ. ದಾಖಲಾತಿಗೆ ಮೊದಲು ದಿನಕ್ಕೆ ಮೂರು ಸಲ ನೀವೇ ಕರೆಯುತ್ತಿದ್ದಿರಿ. ಅಡಿಕೆ ಮರಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದಾಗಲೂ ಬಿಡಲಿಲ್ಲ.

ನಾನು ಸಾಗರ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಮಗಳ ಓದಿಗೆ ಈ ವರ್ಷ 40,000 ರೂಪಾಯಿ ಎಂದು ಮನೆಯ ಪುಸ್ತಕದಲ್ಲಿ ಒಂದು ಪುಟ ತೆಗೆದಿಟ್ಟಿದ್ದೆ. ನಿಮ್ಮ ಪ್ರತಿನಿಧಿ ಹೇಳಿದ್ದು 36,000. ‘ಮೊಬೈಲ್ ಒಂದಿದ್ದರೆ ಸಾಕು ಸರ್, ಟ್ಯಾಬ್ ಉಚಿತ, ಬೇರೆ ಒಂದು ಪೈಸೆ ಖರ್ಚಿಲ್ಲ’ ಎಂದರು. ಒಪ್ಪಿದ ಮೇಲೆ ಶೇ 18 ಜಿಎಸ್‌ಟಿ ಸೇರಿ ಅದು 42,480 ಆಯಿತು. ಸಂಸ್ಕರಣಾ ಶುಲ್ಕವೆಂದು 1,180 ಬಂತು. ಮೊಬೈಲ್ ಪರದೆಯಲ್ಲಿ ಬೋರ್ಡಿನ ಅಕ್ಷರ ಕಾಣದು. ಟ್ಯಾಬ್‌ಗೆ ಮನೆಯೊಳಗೆ ನೆಟ್‌ವರ್ಕ್ ಸಿಗದು. ಹಾಗಾಗಿ ತಿಂಗಳಿಗೆ 700 ರೂಪಾಯಿಯ ಬ್ರಾಡ್‌ಬ್ಯಾಂಡ್. ಅಭ್ಯಾಸದ ಹಾಳೆಗಳನ್ನು ಪೇಟೆಯಲ್ಲಿ ಮುದ್ರಿಸಿಕೊಳ್ಳಲು ತಿಂಗಳಿಗೆ 350. ಹೆಡ್‌ಫೋನ್ 650. ನಿಮ್ಮ ತರಗತಿ ಸಂಜೆ ಆರಕ್ಕೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ಹೋಗುವುದೂ ಆರಕ್ಕೇ. ಇನ್ವರ್ಟರ್‌ಗೆ ಹೊಸ ಬ್ಯಾಟರಿ, 14,000. ವರ್ಷಕ್ಕೆ ಒಟ್ಟು 70,910. ನೀವು ಹೇಳಿದ್ದರ ಎರಡು ಪಟ್ಟಿಗೆ 1,090 ರೂಪಾಯಿ ಮಾತ್ರ ಕಡಿಮೆ; ಆ ಉಳಿತಾಯಕ್ಕೆ ಕೃತಜ್ಞ.

ಕರೆಂಟ್ ಹೋದರೆ ಅದು ನಿಮ್ಮ ತಪ್ಪಲ್ಲ, ಅಷ್ಟು ನ್ಯಾಯ ನನಗೆ ಗೊತ್ತು. ಆದರೆ ದಾಖಲಾತಿಗೆ ಮೊದಲು ಇವೆಲ್ಲವನ್ನೂ ಒಂದೊಂದಾಗಿ ಕೇಳಿದ್ದೆ. ‘ಏನೂ ಬೇಡ’ ಎಂದವರು ನೀವು. ಆ ಕರೆಯನ್ನು ಗುಣಮಟ್ಟಕ್ಕಾಗಿ ಧ್ವನಿಮುದ್ರಿಸುತ್ತೇವೆ ಎಂದವರೂ ನೀವೇ. ಒಮ್ಮೆ ಹಾಕಿ ಕೇಳಿ.

ಇನ್ನು ನಿಮ್ಮ ನಿಯಮ. 15 ದಿನಗಳೊಳಗೆ ಬೇಡವೆಂದರೆ ಪೂರ್ತಿ ಹಣ ವಾಪಸ್ ಎಂದು ನಿಮ್ಮ ಷರತ್ತುಗಳಲ್ಲೇ ಇದೆ. ಜೂನ್ 6ಕ್ಕೆ ಸೇರಿಸಿದೆ. ತರಗತಿಯ ಅರ್ಧ ಹಿಂದಿಯಲ್ಲಿ ನಡೆಯುತ್ತಿದೆ, ಮಗಳಿಗೆ ಅರ್ಥವಾಗುತ್ತಿಲ್ಲ, ರದ್ದು ಮಾಡಿ ಎಂದು ಜೂನ್ 17ಕ್ಕೆ ಬರೆದೆ. ರದ್ದತಿಗೆ ವಿಡಿಯೊ ಕರೆಯಲ್ಲಿ ಸಲಹೆಗಾರರ ಒಪ್ಪಿಗೆ ಬೇಕೆಂದಿರಿ. ಕರೆಗೆ ದಿನ ಗೊತ್ತುಮಾಡಿದವರು ನೀವು: ಜೂನ್ 22.

ಆ ಕರೆಯ ವಿಷಯ ಬರೆಯಬಾರದೆಂದುಕೊಂಡಿದ್ದೆ. ಬರೆಯುತ್ತೇನೆ. ಸಂಜೆ ಏಳೂಕಾಲು. ಮಳೆ. ಜಗಲಿಯ ಮೂಲೆಯಲ್ಲಿ ಕುರ್ಚಿಯ ಮೇಲೆ ಮಣೆಯಿಟ್ಟು, ಅದರ ಮೇಲೆ ಟ್ಯಾಬ್ ಒರಗಿಸಿ ಕುಳಿತಿದ್ದೆ. ಸಲಹೆಗಾರರಿಗೆ ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ. ಮೊದಲು ಸಂಬಳ ಎಷ್ಟೆಂದು ಕೇಳಿದರು. ಹೇಳಿದೆ, ಏಕೆ ಹೇಳಿದೆನೋ ಇಂದಿಗೂ ತಿಳಿಯದು. ‘ಅಷ್ಟರಲ್ಲಿ ತಿಂಗಳಿಗೆ 3,540ರ ಕಂತು ದೊಡ್ಡದೇನಲ್ಲ ಸರ್. ಮನೆಯಲ್ಲಿ ಟಿವಿ ಇದೆಯೇ? ಕೇಬಲ್ ಕಟ್ಟುತ್ತೀರಾ?’ ಎಂದರು. ಕಟ್ಟುತ್ತೇನೆ ಎಂದೆ. ‘ಟಿವಿಗೆ ಹಣವಿದೆ, ಮಗಳಿಗಿಲ್ಲ’ ಎಂದು ನಕ್ಕರು. ನಾನು ಜಿಎಸ್‌ಟಿ, ಬ್ಯಾಟರಿ ಎಂದು ಪುಸ್ತಕ ತೆರೆದು ಲೆಕ್ಕ ಓದತೊಡಗಿದೆ. ‘ಸರ್, ಪುಸ್ತಕ ಮುಚ್ಚಿ. ಮಗುವನ್ನು ಕರೆಯಿರಿ, ಅದು ನಿಯಮ’ ಎಂದರು. ಒಳಗೆ ಒಲೆಯ ಪಕ್ಕ ಒದ್ದೆ ಸಮವಸ್ತ್ರ ಹರವುತ್ತಿದ್ದ ಮಗಳು ಬಂದು ನಿಂತಳು. ‘ನಿನ್ನ ಅಪ್ಪನಿಗೆ ಹಣ ಕಟ್ಟಲು ಆಗುವುದಿಲ್ಲವಂತೆ. ನಿನ್ನ ಗೆಳತಿಯರೆಲ್ಲ ಮುಂದೆ ಹೋಗುತ್ತಾರೆ. ನೀನೇನು ಹೇಳುತ್ತೀಯಮ್ಮ?’ ಎಂದು ಹದಿಮೂರು ವರ್ಷದವಳನ್ನು ಕೇಳಿದರು. ಅವಳು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಲಂಗದ ಅಂಚನ್ನು ಹಿಂಡುತ್ತಾ, ‘ನನಗೇ ಬೇಡ ಸರ್, ನನಗೆ ಗಣಿತ ಇಷ್ಟವಿಲ್ಲ’ ಎಂದಳು. ಏಳನೇ ತರಗತಿಯಲ್ಲಿ ಗಣಿತದಲ್ಲೇ ಅವಳಿಗೆ ಅತಿ ಹೆಚ್ಚು ಅಂಕ. ‘ನೋಡಿ ಸರ್, ಸಮಸ್ಯೆ ಮಗುವಿನದು, ನಮ್ಮ ಕೋರ್ಸಿನದಲ್ಲ’ ಎಂದು ಸಲಹೆಗಾರರು ಬರೆದುಕೊಂಡರು. ಕೊನೆಗೆ, ಇಂದು ಹದಿನಾರನೇ ದಿನ, ಅವಧಿ ನಿನ್ನೆಗೆ ಮುಗಿಯಿತು ಎಂದು ತಿಳಿಸಿ ಶುಭ ಸಂಜೆ ಕೋರಿದರು.

ಕಂತು ಎಂದು ನೀವು ಕರೆದದ್ದು ಬೇರೊಂದು ಹಣಕಾಸು ಸಂಸ್ಥೆಯ ಸಾಲ ಎಂದು ನನಗೆ ಗೊತ್ತಾದದ್ದು ಜುಲೈ 5ಕ್ಕೆ, ಅವರು ನನ್ನ ಖಾತೆಗೆ ಕೈಹಾಕಿದಾಗ. ಸಂಬಳವಾಗುವುದು 7ಕ್ಕೆ. ಎರಡು ತಿಂಗಳು ಕಂತು ಬೌನ್ಸ್ ಆಯಿತು: ಬ್ಯಾಂಕಿಗೆ 590, ಸಾಲದವರಿಗೆ ದಂಡ 1,000. ಡಿಜಿಟಲ್ ಸಾಲ ಕೊಡುವ ಮೊದಲೇ ಎಲ್ಲ ವೆಚ್ಚಗಳ ವಿವರಪತ್ರವನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನನಗೆ ಸಿಕ್ಕಿದ್ದು ಒಂದು ಒಟಿಪಿ ಮತ್ತು ‘ಬೇಗ ಹೇಳಿ ಸರ್, ಆಫರ್ ಮುಗಿಯುತ್ತದೆ’ ಎಂಬ ಮಾತು. ಇಂಥ ಸಂಸ್ಥೆಗಳಿಗೆ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಬೇಡವೆಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪೋಷಕರನ್ನು ಎಚ್ಚರಿಸಿತ್ತು. ನಾನದನ್ನು ಓದಿದ್ದು ದಂಡ ಕಟ್ಟಿದ ಮೇಲೆ. ಅಷ್ಟು ಪೆದ್ದುತನ ನನ್ನದೇ.

ಸೆಪ್ಟೆಂಬರಿನದೂ ಸೇರಿ ಮೂರು ಕಂತು, ಸಂಸ್ಕರಣಾ ಶುಲ್ಕ, ಬೌನ್ಸ್ ಆದದ್ದಕ್ಕೆ ಕಟ್ಟಿದ್ದು ಎಂದು ಈವರೆಗೆ ಹೋಗಿರುವುದು 13,390 ರೂಪಾಯಿ. ಅದು ಪೂರ್ತಿಯಾಗಿ ವಾಪಸ್ ಬರಬೇಕು, ಸಾಲ ಮುಗಿದಿದೆ ಎಂಬ ಪತ್ರವೂ ಬರಬೇಕು. ‘ಉಚಿತ’ ಟ್ಯಾಬ್‌ಗೆ 9,500 ಮುರಿದುಕೊಳ್ಳುತ್ತೇವೆ ಎಂಬ ನಿಮ್ಮ ಕೊನೆಯ ಸಂದೇಶಕ್ಕೆ ಇಲ್ಲಿ ಉತ್ತರಿಸಿದರೆ ಪತ್ರದ ಭಾಷೆ ಕೆಡುತ್ತದೆ.

ಈ ಪತ್ರ ತಲುಪಿದ ಮೇಲೆ 15 ದಿನ ಕಾಯುತ್ತೇನೆ. ನಿಮ್ಮ 15 ದಿನವಲ್ಲ, ಕ್ಯಾಲೆಂಡರಿನ 15 ದಿನ. ಬಳಿಕ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಆಗುಂಬೆಯ ಮಳೆ ನೋಡಿಕೊಂಡು ಬರಬಹುದು. ಬೆಲೆಯನ್ನು ಹನಿಹನಿಯಾಗಿ ತೋರಿಸುವುದನ್ನೂ, ಒಮ್ಮೆ ಸೇರಿದವರು ಹೊರಹೋಗದಂತೆ ಬಾಗಿಲು ಅಡಗಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ. ನಿಮ್ಮ ಆ್ಯಪ್‌ನ ಪುಟಗಳ ಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದಾಗಿದೆ. ಜೂನ್ 22ರ ಕರೆಯಲ್ಲಿ ನನ್ನ ಮಗಳಿಗೆ ಹೇಳಿದ ಮಾತುಗಳಿಗೆ ಪ್ರತ್ಯೇಕ ಪರಿಹಾರ ಕೇಳುತ್ತೇನೆ. ಎಷ್ಟೆಂದು ಇನ್ನೂ ಲೆಕ್ಕ ಹಾಕಿಲ್ಲ, ಹಾಕುತ್ತಿದ್ದೇನೆ.

ನಿಮ್ಮ ಟ್ಯಾಬನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಚಾರ್ಜರ್ ಸಹಿತ. ಯಾರನ್ನಾದರೂ ಕಳುಹಿಸಿ ತರಿಸಿಕೊಳ್ಳಿ. ಬರುವವರು ಸಂಜೆ ಆರಕ್ಕೆ ಮುಂಚೆ ಬರಲಿ.

ಇಂತಿ,
ಮಗುವಿನ ತಂದೆ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ