ಕುಟ್ಟನಾಡಿಗೆ ಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ಬದಿಯಡ್ಕದಿಂದ ಅಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಕುಟ್ಟನಾಡಿನ ಹಕ್ಕಿಜ್ವರದ ತಂಡದ ಹೊಣೆ ನಿನಗೆ ಬಂದಿದೆ, ಭಾನುವಾರ ರಾತ್ರಿಯ ರೈಲಿಗೆ ಆಲಪ್ಪುಳಕ್ಕೆ ಹೊರಡುತ್ತೇನೆ ಎಂದು ನೀನು ಹೇಳಿದೊಡನೆ, ಉಬ್ಬಸದ ವಿಷಯವನ್ನು ಮೇಲಧಿಕಾರಿಗಳಿಗೆ ತಿಳಿಸಿ ಕಚೇರಿಯ ಕೆಲಸ ಕೇಳಿಕೋ ಎಂದುಬಿಟ್ಟೆ. "ನೀನಾಗಿದ್ದರೆ ಕೇಳುತ್ತಿದ್ದೆಯಾ ಅಮ್ಮಾ?" ಎಂದು ನೀನು ಫೋನ್ ಇಟ್ಟೆ. ಖಂಡಿತ ಕೇಳುತ್ತಿರಲಿಲ್ಲ. ನನ್ನ ಮಾತಿನಿಂದ ನಿನಗೆ ನೋವಾಗಿದ್ದರೆ ಕ್ಷಮಿಸು. ಆದರೆ ಆ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಈಗಲೂ ಮನಸ್ಸಿಲ್ಲ. ನೀನು ಏಳನೆಯ ತರಗತಿಯಲ್ಲಿದ್ದಾಗಿನ ಆ ಮಳೆಗಾಲದ ರಾತ್ರಿ ನಮ್ಮಿಬ್ಬರಿಗೂ ನೆನಪಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

2014ರ ನವೆಂಬರಿನಲ್ಲಿ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ರೋಗ ಕಾಣಿಸಿಕೊಂಡಾಗ ಪಶುವೈದ್ಯೆಯಾಗಿ ನಾನೂ ಅಲ್ಲಿಗೆ ಹೋಗಿದ್ದೆನೆಂಬುದು ನಿನಗೆ ಗೊತ್ತು. ಅಲ್ಲಿ ಏನು ನೋಡಿದೆನೆಂದು ಮಾತ್ರ ನಾನು ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ. ಅಲ್ಲಿಯವರು ಬಾತುಕೋಳಿಗಳನ್ನು ನಮ್ಮೂರಿನ ಕೋಳಿಗಳಂತೆ ಗೂಡಿನಲ್ಲಿ ಮುಚ್ಚಿಟ್ಟು ಸಾಕುವುದಿಲ್ಲ. ಕೊಯ್ಲು ಮುಗಿದ ಗದ್ದೆಗಳಿಗೆ ಸಾವಿರಗಟ್ಟಲೆ ಬಿಟ್ಟು, ಉದುರಿದ ಭತ್ತವನ್ನು ಮೇಯಿಸುತ್ತಾ ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಅಟ್ಟಿಕೊಂಡು ಹೋಗುತ್ತಾರೆ. ಕ್ರಿಸ್‌ಮಸ್‌ಗೆ ಮಾರುವುದಕ್ಕೆಂದು ಬೆಳೆಸಿದ ಹಿಂಡುಗಳು ಅವು. ಹಕ್ಕಿಜ್ವರವೇ ಎಂದು ಭೋಪಾಲದ ಪ್ರಯೋಗಾಲಯದಿಂದ ವರದಿ ಬಂದಿತ್ತು, ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಹಕ್ಕಿಗಳನ್ನೆಲ್ಲ ಕೊಲ್ಲಲು ಆದೇಶವೂ ಆಗಿತ್ತು. ಆದರೆ ನಾವು ಹತ್ತಿರ ಹೋದಂತೆಲ್ಲ ಹಿಂಡು ಕಾಲುವೆಗೆ ಇಳಿದು ದೂರ ಹೋಗುತ್ತಿತ್ತು. ಕೊನೆಗೆ ಸಾಕಿದವರನ್ನೇ ಕರೆದು, ಹಿಂಡನ್ನು ದಡಕ್ಕೆ ಕರೆಯಿರಿ ಎಂದು ಕೇಳಬೇಕಾಯಿತು. ಕೇಳಿದವಳು ನಾನು.

ಅವರಿಗೆ ಅರುವತ್ತರ ಆಸುಪಾಸು. ಕೈಯಲ್ಲಿ ಉದ್ದದ ಬಿದಿರಿನ ಕೋಲಿತ್ತು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಆಮೇಲೆ ನೀರಿನ ಕಡೆಗೆ ತಿರುಗಿ ಗಂಟಲಿನಿಂದ ಒಂದು ಸದ್ದು ಮಾಡಿದರು. ಅಷ್ಟು ಹೊತ್ತು ನಮ್ಮನ್ನು ಸತಾಯಿಸಿದ ಹಿಂಡು ಸಾಲುಗಟ್ಟಿ ದಡಕ್ಕೆ ಬಂದು ಬಲೆಯ ಒಳಗೆ ಸೇರಿಕೊಂಡಿತು. ಕಣ್ಣಿಗೆ ಬಿಳಿ ಪೊರೆ ಬಂದು, ಕತ್ತು ತಿರುಚಿಕೊಂಡು, ನೀರಿನಲ್ಲಿ ಇದ್ದಲ್ಲೇ ಸುತ್ತುತ್ತಿದ್ದ ಕೆಲವು ಬಾತುಗಳೂ ಆ ಸದ್ದು ಬಂದ ದಿಕ್ಕಿಗೆ ತಲೆ ಎತ್ತಿದವು. ಅವುಗಳಿಗೆ ಬರಲಾಗಲಿಲ್ಲ. ಅವರು ಎರಡನೆಯ ಬಾರಿ ಕರೆದರು, ಮೂರನೆಯ ಬಾರಿಯೂ ಕರೆದರು. ಸಾಕು, ಉಳಿದವನ್ನು ದೋಣಿಯಲ್ಲಿ ಹೋಗಿ ತರುತ್ತೇವೆ ಎಂದು ನಾನು ಹೇಳಿದ ಮೇಲೆಯೇ ನಿಲ್ಲಿಸಿದ್ದು.

ಆ ಸದ್ದು ಎಂತಹುದೆಂದು ಬರೆದು ತಿಳಿಸಲು ನನಗೆ ಆಗುವುದಿಲ್ಲ. ಆದರೆ ನಿನಗೂ ಒಬ್ಬರನ್ನು ಹಾಗೆ ಕೇಳುವ ಹೊತ್ತು ಬರುತ್ತದೆ, ಮಗಳೇ. ಆಗ ಪಂಚಾಯತ್ ಸದಸ್ಯರನ್ನೋ ಪೊಲೀಸರನ್ನೋ ಮುಂದೆ ಬಿಡಬೇಡ. ನೀನೇ ಹೋಗಿ ಕೇಳು. ನಮ್ಮ ಕಾಸರಗೋಡಿನ ಮಲಯಾಳ ಅಲ್ಲಿಯವರಿಗೆ ಬೇಗ ಹಿಡಿಯುವುದಿಲ್ಲ, ನಿಧಾನವಾಗಿ ಮಾತನಾಡು. ಕೇಳಿದ ಮೇಲೆ ಅಲ್ಲಿಯೇ ನಿಂತಿರು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಫೋನ್ ಬಂದರೆ ಇನ್ನೊಬ್ಬರು ಎತ್ತಲಿ. ತಂಡಗಳನ್ನು ಹಂಚುವುದು, ವಾಹನ, ಮೈಮುಚ್ಚುವ ರಕ್ಷಣಾ ಉಡುಪಿನ ಕಿಟ್, ಸೌದೆ, ಕಂದಾಯದವರು, ಆರೋಗ್ಯದವರು ಎಂದು ನಿನ್ನ ಹೊಣೆಗೆ ನೂರು ಕೆಲಸಗಳಿರುತ್ತವೆ, ಬಲ್ಲೆ. ಆದರೆ ಸಾಕಿದವನ ಪಾಲಿಗೆ ಸರಕಾರವೆಂದರೆ ಆ ಹೊತ್ತಿಗೆ ಅವನ ಎದುರು ನಿಂತ ನೀನೊಬ್ಬಳೇ.

ಕೊಲ್ಲುವುದಕ್ಕೆ ಮೊದಲೇ ಎಣಿಕೆ ಮುಗಿದು, ಸಾಕಿದವರ ಸಹಿ ಬಿದ್ದಿರಬೇಕು. ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂಪಾಯಿ, ಅದಕ್ಕಿಂತ ಎಳೆಯದಕ್ಕೆ 100 ರೂಪಾಯಿ, ಮೊಟ್ಟೆಗೆ 5 ರೂಪಾಯಿ ಎಂದು 2021ರಲ್ಲಿ ಪರಿಹಾರ ಕೊಟ್ಟಿದ್ದರು. ಮರಿಯೋ ಬೆಳೆದದ್ದೋ ಎಂಬ ಒಂದು ಗೆರೆಯಲ್ಲಿ ಒಂದು ಮನೆಯ ವರ್ಷದ ದುಡಿಮೆ ಅರ್ಧವಾಗಿ ಹೋಗುತ್ತದೆ. ರೋಗದಿಂದ ಮೊದಲೇ ಸತ್ತವುಗಳ ಲೆಕ್ಕಕ್ಕೆ ತಕರಾರು ಏಳುತ್ತದೆ. ಅವಸರ ಮಾಡಬೇಡ. ಕೊಂದ ಹಕ್ಕಿಗಳನ್ನು ಸುಡುವ ಕೆಲಸವೂ ನೀನೆಣಿಸಿದಷ್ಟು ಸುಲಭವಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಜೆಸಿಬಿ ತಂದು ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬಹುದು. ಕುಟ್ಟನಾಡಿನ ಬಹುಪಾಲು ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ, ಸ್ವಲ್ಪ ತೋಡಿದರೂ ನೀರು ಬರುತ್ತದೆ, ಹೂತದ್ದರ ಸೋಂಕು ಕಾಲುವೆಗೆ ಸೇರುತ್ತದೆ. ಆದ್ದರಿಂದ ಸುಡಲೇಬೇಕು. ಒಣ ಸೌದೆ ಮೊದಲ ದಿನವೇ ದಾಸ್ತಾನಿರಲಿ. ಹಸಿ ಸೌದೆ ತಂದರೆ ರಾತ್ರಿಯಿಡೀ ಹೊಗೆಯೇ ಹೊರತು ಬೆಂಕಿಯಿಲ್ಲ.

ಹೊಗೆ ಎಂದು ಬರೆಯುವಾಗಲೇ ನನ್ನ ಕೈ ನಿಂತಿತು. ನೀನು ಬೆಂಕಿಯ ಹತ್ತಿರ ನಿಲ್ಲಲೇಬಾರದು. ಆ ಕಿಟ್ ತೊಟ್ಟ ಸ್ವಲ್ಪ ಹೊತ್ತಿನಲ್ಲೇ ಬೆನ್ನಿನಿಂದ ಬೆವರಿಳಿದು ಬೂಟಿನೊಳಗೆ ತುಂಬುತ್ತದೆ, ಕನ್ನಡಕ ಮಂಜಾಗುತ್ತದೆ, ಮಾಸ್ಕಿನ ಒಳಗೆ ಉಸಿರು ಸಾಲದೆ ಗಟ್ಟಿಮುಟ್ಟಾದ ಹುಡುಗರೇ ಮಾಸ್ಕ್ ಕೆಳಗೆಳೆಯುವುದನ್ನು ನಾನು ಕಂಡಿದ್ದೇನೆ. ಉಬ್ಬಸವಿರುವವಳು ನೀನು ಏನು ಮಾಡುತ್ತೀಯೆ? ಎದೆ ಬಿಗಿದರೆ ತಂಡಕ್ಕೆ ಹೇಳಿ ಹೊರಗೆ ಬಾ. ಮೊದಲು ಕೈಗವಸು ತೆಗೆದು, ಕೈ ತೊಳೆದು, ಮಾಸ್ಕನ್ನು ಕೊನೆಗೆ ತೆಗೆ. ಕಿಟ್ ಕಳಚುವಾಗ ಸೋಂಕು ತಗಲುವ ಅಪಾಯವಿದೆ. 2021ರಲ್ಲಿ ಹರಿಯಾಣದ ಹನ್ನೊಂದರ ಹುಡುಗನೊಬ್ಬ ಈ ರೋಗದಿಂದ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡದ್ದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. ಮನುಷ್ಯರಿಗೆ ಅಪರೂಪವಾಗಿ ಬರುತ್ತದೆ ಎಂದು ನಾನೇ ಎಷ್ಟೋ ಸಭೆಗಳಲ್ಲಿ ಜನರಿಗೆ ಧೈರ್ಯ ತುಂಬಿದ್ದೇನೆ, ಅದು ನಿಜವೂ ಹೌದು. ಮಗಳನ್ನು ಕಳುಹಿಸುವಾಗ ಆ ನಿಜ ಸಾಲುವುದಿಲ್ಲ.

ನೀನು ಪೂಕೋಡಿನ ಪಶುವೈದ್ಯ ಕಾಲೇಜಿನಲ್ಲಿ ಕಲಿತು ಬಂದು ನಾನಿದ್ದ ಇಲಾಖೆಗೇ ಸೇರಿದ ದಿನ ನಾನು ಹೆಚ್ಚು ಮಾತನಾಡಲಿಲ್ಲ, ನಿನ್ನ ಅಪ್ಪ ಅದಕ್ಕೆ ಬೈದರು. ನೆರೆಮನೆಯವರ ಗಿಡ್ಡ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ನನ್ನ ಕೈ ನಡುಗುತ್ತದೆಂದು ನೀನೇ ಮುಂದೆ ಬಂದು, ಹಿಂದಕ್ಕೆ ಮಡಚಿದ್ದ ಕರುವಿನ ಮುಂಗಾಲನ್ನು ಸರಿಪಡಿಸಿ ಹೊರಗೆಳೆದೆಯಲ್ಲ, ಆಗ ನಾನು ಕೊಟ್ಟಿಗೆಯ ಹೊರಗೆ ನಿಂತು ಅತ್ತೆ. ನಿನ್ನಷ್ಟು ನಿಧಾನ ನನಗೆ ಆ ಪ್ರಾಯದಲ್ಲಿ ಇರಲಿಲ್ಲ. ಈ ಹೊಣೆಯನ್ನು ನಿನಗೆ ಕೊಟ್ಟವರು ಯೋಚಿಸಿಯೇ ಕೊಟ್ಟಿದ್ದಾರೆ ಎಂದು ನನಗೆ ಗೊತ್ತು, ಗೊತ್ತಿದ್ದೇ ಬೇಡವೆಂದೆ.

ಆ ಬಾತುಗಳನ್ನು ಕರೆದವರು ಸಂಜೆ ಕಾಗದಕ್ಕೆ ಸಹಿ ಹಾಕುವಾಗ ಒಂದೇ ಒಂದು ಪ್ರಶ್ನೆ ಕೇಳಿದ್ದರು: ಮತ್ತೆ ಯಾವಾಗ ಮರಿ ತರಬಹುದು? ಸೋಂಕು ಕಳೆಯುವ ಕೆಲಸ, ತಪಾಸಣೆ, ನಿಗಾದ ಅವಧಿ ಎಲ್ಲ ಮುಗಿದು ಇಲಾಖೆ ಅನುಮತಿ ಕೊಟ್ಟ ಮೇಲೆ ಎಂದೆ. ತಾರೀಕು ಹೇಳಿ ಎಂದರು. ನನ್ನ ಬಳಿ ತಾರೀಕು ಇರಲಿಲ್ಲ. ನೀನು ಹೋಗುವ ಮೊದಲು ಆ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡು, ಮಲಯಾಳದಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಪ್ರತಿ ಮನೆಗೂ ಒಂದು ಪ್ರತಿ ಕೊಡು.

ಇನ್ಹೇಲರ್ ಎರಡು ಇರಲಿ, ಒಂದು ನಿನ್ನಲ್ಲಿ, ಇನ್ನೊಂದು ಕಿಟ್ ಕಳಚುವ ಜಾಗದಲ್ಲಿರುವವರ ಕೈಯಲ್ಲಿ. ಆರೋಗ್ಯದವರು ಕೊಡುವ ಮಾತ್ರೆಯನ್ನು ತಪ್ಪಿಸಬೇಡ. ಕೆಲಸ ಮುಗಿದ ಮೇಲೆ ಹತ್ತು ದಿನ ಜ್ವರ ನೋಡಿಕೊಳ್ಳುವುದಿದೆಯಲ್ಲ, ಅದನ್ನು ಅಲ್ಲಿಯೇ ಮುಗಿಸಿ ಬಾ. ತೊಟ್ಟ ಬಟ್ಟೆ, ಚಪ್ಪಲಿ ಯಾವುದನ್ನೂ ಮನೆಗೆ ತರಬೇಡ; ನಮ್ಮಲ್ಲೂ ಕೋಳಿಗಳಿವೆ, ಆಚೆ ಮನೆಯವರ ಶೆಡ್ಡಿನಲ್ಲೂ ಇವೆ. ಭಾನುವಾರ ಸಂಜೆ ಕಾಸರಗೋಡು ಸ್ಟೇಷನ್ನಿಗೆ ನಾನೂ ಅಪ್ಪನೂ ಬರುತ್ತೇವೆ, ಬೇಡವೆನ್ನಬೇಡ.

ನಿನ್ನ ಅಮ್ಮ